ಅಂಕ ಬಿಡದೆ ಆಟ, ನಾಟಕ, ಎನ್‌ಸಿಸಿ ನಡೆಸುವುದು ಹೇಗೆ: ಪಿಯು ಮತ್ತು ಪದವಿ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ತುಮಕೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತ, ಜೊತೆಗೆ ಕ್ರೀಡೆ ಮತ್ತು ಸಾಂಸ್ಕೃತಿಕ ಸಮಿತಿಯ ಕಡತಗಳನ್ನೂ ನೋಡಿಕೊಳ್ಳುವ ನನ್ನ ಮೇಜಿನ ಮುಂದೆ ಪ್ರತಿ ವರ್ಷ ಫೆಬ್ರವರಿ ಹೊತ್ತಿಗೆ ಒಂದೇ ಬಗೆಯ ವಿದ್ಯಾರ್ಥಿಗಳು ಬಂದು ನಿಲ್ಲುತ್ತಾರೆ. ಖೊಖೊ ತಂಡದಲ್ಲಿ ಜಿಲ್ಲಾ ಮಟ್ಟಕ್ಕೆ ಆಡಿದವರು, ಎನ್‌ಸಿಸಿ ಶಿಬಿರ ಮುಗಿಸಿದವರು, ಊರಿನ ಪೌರಾಣಿಕ ನಾಟಕದಲ್ಲಿ ಪಾತ್ರ ಕಟ್ಟಿದವರು ಅವರಲ್ಲಿರುತ್ತಾರೆ; ಒಬ್ಬರೂ ಸೋಮಾರಿಗಳಲ್ಲ. ಆದರೂ ಒಬ್ಬರಿಗೆ ಹಾಜರಿ ಸಾಲದು, ಇನ್ನೊಬ್ಬರಿಗೆ ಪ್ರಯೋಗಾಲಯದ ರೆಕಾರ್ಡ್ ಪೂರ್ಣಗೊಂಡಿಲ್ಲ, ಮತ್ತೊಬ್ಬರಿಗೆ ಇಂಟರ್ನಲ್ಸ್ ಅಂಕ ಹೋಗಿದೆ.

ಅವರ ಕಥೆಗಳನ್ನು ಕೇಳುತ್ತ ಹೋದರೆ ಕೆಲಸ ಕೆಡುವುದು ಸಮಯದ ಅಭಾವಕ್ಕಿಂತ ಹೆಚ್ಚಾಗಿ ಕ್ರಮ ತಪ್ಪಿದ್ದರಿಂದ ಎಂಬುದು ಗೊತ್ತಾಗುತ್ತದೆ. ಮೊದಲು ತಂಡಕ್ಕೆ ಹೆಸರು ಕೊಡುತ್ತಾರೆ, ಆಮೇಲೆ ತಾರೀಖು ನೋಡುತ್ತಾರೆ, ಎಲ್ಲ ಮುಗಿದ ಮೇಲೆ ಹಾಜರಿ ಎಣಿಸುತ್ತಾರೆ. ಈ ಮೂರನ್ನು ತಿರುಗಿಸಿ ಹಾಕಿದರೆ ಅರ್ಧ ಕೆಲಸ ಆದಂತೆಯೇ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ, ತರಗತಿಗಳು ಆರಂಭವಾದ ಮೊದಲ ಎರಡು ವಾರಗಳಲ್ಲಿಯೇ ಮಾಡಲು ಶುರುಮಾಡಬೇಕು.

## ಬೇಕಾಗುವ ಸಾಮಗ್ರಿ

ಅಡುಗೆಮನೆಯ ಗೋಡೆಗೆ ತೂಗುಹಾಕುವ, ಹಬ್ಬ ಮತ್ತು ಅಮಾವಾಸ್ಯೆ ಗುರುತಿರುವ ದೊಡ್ಡ ಕ್ಯಾಲೆಂಡರ್ ಒಂದು; ಇನ್ನೂರು ಪುಟದ ನೋಟ್‌ಬುಕ್ ಒಂದು; ಕಾಲೇಜಿನ ಶೈಕ್ಷಣಿಕ ವೇಳಾಪಟ್ಟಿ, ತರಗತಿಯ ಟೈಂಟೇಬಲ್ ಮತ್ತು ಅಂಕ ಹಂಚಿಕೆ ಮುದ್ರಿಸಿರುವ ಪಠ್ಯಕ್ರಮದ ಪ್ರತಿ; ಪ್ರಮಾಣಪತ್ರಗಳಿಗೆ ಒಂದು ಪ್ಲಾಸ್ಟಿಕ್ ಫೈಲ್. ಮೊಬೈಲ್ ಆ್ಯಪ್‌ಗಳ ಮೇಲೆ ನನಗೆ ದ್ವೇಷವಿಲ್ಲ, ಆದರೆ ಮನೆಯವರೆಲ್ಲರ ಕಣ್ಣಿಗೆ ಬೀಳುವುದು ಗೋಡೆಯ ಕ್ಯಾಲೆಂಡರ್ ಮಾತ್ರ. ಮಾರ್ಚ್ ಮೊದಲ ವಾರಕ್ಕೆ ಕೆಂಪು ಗೆರೆ ಬಿದ್ದಿರುವುದನ್ನು ದಿನಾ ನೋಡುವ ತಾಯಿ ಆ ವಾರ ನಿಮ್ಮನ್ನು ಮದುವೆಗೆ ಹೊರಡಿಸುವುದಿಲ್ಲ.

## ಹಂತ 1: ತಾರೀಖುಗಳನ್ನು ಮೊದಲು ಗುರುತಿಸಿ

ಕೆಂಪು ಶಾಯಿಯಲ್ಲಿ ಪರೀಕ್ಷೆಗಳನ್ನು ಬರೆಯಿರಿ. ಪಿಯು ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಮಧ್ಯವಾರ್ಷಿಕ ಪರೀಕ್ಷೆ ದಸರೆಯ ಆಸುಪಾಸಿನಲ್ಲಿ, ಪೂರ್ವಸಿದ್ಧತಾ ಮತ್ತು ಪ್ರಾಯೋಗಿಕ ಪರೀಕ್ಷೆಗಳು ಜನವರಿ-ಫೆಬ್ರವರಿಯಲ್ಲಿ, ದ್ವಿತೀಯ ಪಿಯುಸಿಯ ವಾರ್ಷಿಕ ಪರೀಕ್ಷೆ-1 ಮಾರ್ಚ್‌ನಲ್ಲಿ, ಸಿಇಟಿ (ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆ) ಏಪ್ರಿಲ್‌ನಲ್ಲಿ ಬರುತ್ತವೆ. ಪದವಿ ಮತ್ತು ಎಂಜಿನಿಯರಿಂಗ್‌ನವರು ಪ್ರತಿ ಸೆಮಿಸ್ಟರ್‌ನ ಇಂಟರ್ನಲ್ ಟೆಸ್ಟ್‌ಗಳ ವಾರಗಳನ್ನೂ ಗುರುತಿಸಬೇಕು. ತಾರೀಖು ಪ್ರಕಟವಾಗಿಲ್ಲವೆಂದು ಸುಮ್ಮನಿರಬೇಡಿ. ಕಳೆದ ವರ್ಷದ್ದನ್ನು ಪೆನ್ಸಿಲ್‌ನಲ್ಲಿ ಬರೆದು, ಪ್ರಕಟಣೆ ಬಂದ ದಿನ ಶಾಯಿಯಲ್ಲಿ ತಿದ್ದಿ.

ನೀಲಿ ಶಾಯಿಯಲ್ಲಿ ಹೊರಗಿನ ಕಾರ್ಯಕ್ರಮಗಳು. ತಾಲ್ಲೂಕು ಮತ್ತು ಜಿಲ್ಲಾ ಕ್ರೀಡಾಕೂಟಗಳು ಬಹುಪಾಲು ಮಳೆಗಾಲದ ತಿಂಗಳುಗಳಲ್ಲಿ ಮುಗಿಯುತ್ತವೆ. ಆದ್ದರಿಂದ ಆಟ ಓದಿಗೆ ನಾವು ಭಯಪಡುವಷ್ಟು ಅಡ್ಡ ಬರುವುದಿಲ್ಲ. ನಿಜವಾಗಿ ಢಿಕ್ಕಿಯಾಗುವುದು ಎರಡು ಕಡೆ. ಒಂದು, ಎನ್‌ಸಿಸಿಯ ‘ಬಿ’ ಮತ್ತು ‘ಸಿ’ ಪ್ರಮಾಣಪತ್ರದ ಪರೀಕ್ಷೆ. ಇದು ಸಾಮಾನ್ಯವಾಗಿ ಫೆಬ್ರವರಿಯ ಆಸುಪಾಸಿಗೆ ಬೀಳುತ್ತದೆ. ಎರಡು, ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಪೌರಾಣಿಕ ನಾಟಕಗಳು. ಸುಗ್ಗಿ ಮುಗಿದು ಸಂಕ್ರಾಂತಿ ಕಳೆದ ಮೇಲೆ ತಾಲೀಮು ಕಾವೇರುತ್ತದೆ, ಜಾತ್ರೆಯ ಹೊತ್ತಿಗೆ ನಾಟಕ ರಂಗಕ್ಕೆ ಏರುತ್ತದೆ. ಅದೇ ಹೊತ್ತಿಗೆ ದ್ವಿತೀಯ ಪಿಯುಸಿ ಪರೀಕ್ಷೆಯೂ ಬಂದು ಕೂತಿರುತ್ತದೆ. ಸಿದ್ಧಗಂಗೆ ಜಾತ್ರೆ ಶಿವರಾತ್ರಿಯ ಸುತ್ತ ನಡೆಯುವುದು ಎಲ್ಲರಿಗೂ ಗೊತ್ತಿದ್ದರೂ ಪ್ರತಿ ವರ್ಷ ಅದು ‘ಅನಿರೀಕ್ಷಿತವಾಗಿ’ ಬಂತೆಂದು ಹೇಳುವವರನ್ನು ನಾನು ನೋಡುತ್ತಲೇ ಇದ್ದೇನೆ.

ಮೂರನೆಯದಾಗಿ ಮನೆಯ ಕೆಲಸದ ವಾರಗಳನ್ನು ಹಸಿರಿನಲ್ಲಿ ಗುರುತಿಸಿ. ರಾಗಿ ಕೊಯ್ಲು, ಕಡಲೆಕಾಯಿ ಕೀಳುವುದು, ರೇಷ್ಮೆ ಸಾಕುವ ಮನೆಯಾದರೆ ಹುಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದ ಮೇಲಿನ ಏಳೆಂಟು ದಿನ. ಆ ದಿನಗಳಲ್ಲಿ ಸೊಪ್ಪು ತರುವುದರಲ್ಲೇ ಇಡೀ ಮನೆ ಮುಳುಗಿರುತ್ತದೆ. ಓದೂ ನಡೆಯುವುದಿಲ್ಲ, ಅಭ್ಯಾಸವೂ ನಡೆಯುವುದಿಲ್ಲ. ಕೆಂಪು, ನೀಲಿ, ಹಸಿರು ಮೂರೂ ಒಂದೇ ವಾರದಲ್ಲಿ ಸೇರಿದ ಜಾಗಗಳೇ ನಿಮ್ಮ ಅಪಾಯದ ವಾರಗಳು. ವರ್ಷಕ್ಕೆ ಅಂಥವು ಹೆಚ್ಚೆಂದರೆ ನಾಲ್ಕೈದು ಇರುತ್ತವೆ, ಉಳಿದ ವಾರಗಳು ಹೇಗೋ ನಡೆಯುತ್ತವೆ.

## ಹಂತ 2: ಹಾಜರಿಯನ್ನು ದಿನಗಳಲ್ಲಿ ಅಲ್ಲ, ತರಗತಿಗಳಲ್ಲಿ ಎಣಿಸಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ‘ಶೇಕಡ 75 ಹಾಜರಿ ಸಾಕು, ಅಂದರೆ ಕಾಲು ಭಾಗ ತಪ್ಪಿಸಬಹುದು’ ಎಂದು ಲೆಕ್ಕ ಹಾಕಿ ನಿಶ್ಚಿಂತೆಯಿಂದ ಇರುತ್ತಾರೆ. ಹಾಜರಿಯನ್ನು ನೋಡುವುದು ವಿಷಯವಾರು ಎಂಬುದನ್ನು ಮರೆಯುತ್ತಾರೆ.

ಒಂದು ಸೆಮಿಸ್ಟರ್‌ನಲ್ಲಿ 15 ವಾರ ಪಾಠ, ವಾರಕ್ಕೆ ನಾಲ್ಕು ತರಗತಿ ಇರುವ ವಿಷಯವೊಂದನ್ನು ತೆಗೆದುಕೊಳ್ಳಿ. ಒಟ್ಟು 60 ತರಗತಿ, 45ಕ್ಕೆ ಹಾಜರಿರಬೇಕು, 15 ತಪ್ಪಬಹುದು. ಆ ದಿನಗಳಿಗೆ ಹಾಜರಿ ಕೊಡಿಸುವ ‘ಓಡಿ’ (ಆನ್ ಡ್ಯೂಟಿ) ಪತ್ರ ಸಿಗಲಿಲ್ಲ ಎಂದಿಟ್ಟುಕೊಂಡು ಈಗ ಹೊರಗಿನ ಕಾರ್ಯಕ್ರಮಗಳನ್ನು ಕಳೆಯಿರಿ. ಎನ್‌ಸಿಸಿಯ ಹತ್ತು ದಿನಗಳ ವಾರ್ಷಿಕ ಶಿಬಿರಕ್ಕೆ ಸುಮಾರು 6 ತರಗತಿ, ಎನ್‌ಎಸ್‌ಎಸ್‌ನ (ರಾಷ್ಟ್ರೀಯ ಸೇವಾ ಯೋಜನೆ) ಏಳು ದಿನಗಳ ವಿಶೇಷ ಶಿಬಿರಕ್ಕೆ 4, ಜಿಲ್ಲಾ ಮತ್ತು ರಾಜ್ಯ ಮಟ್ಟದ ಕೂಟಗಳಿಗೆ ಏಳು ದಿನ ಹೋದರೆ 5. ಒಟ್ಟು 15. ಇನ್ನು ಒಂದು ದಿನ ಜ್ವರ ಬಂದರೂ, ಒಂದು ಬೆಳಗ್ಗೆ ಬಸ್ ತಪ್ಪಿದರೂ ಹಾಜರಿ ಶಾರ್ಟೇಜ್.

ಇದಕ್ಕಿಂತ ಬಿಗಿಯಾದ ಲೆಕ್ಕ ಪ್ರಯೋಗಾಲಯದ್ದು. ವಾರಕ್ಕೊಂದೇ ಲ್ಯಾಬ್ ಇದ್ದರೆ ಸೆಮಿಸ್ಟರ್‌ಗೆ 15. ಅದರ ಮುಕ್ಕಾಲು ಎಂದರೆ 12. ತಪ್ಪಿಸಲು ಸಿಗುವುದು ಮೂರು ಮಾತ್ರ. ಹತ್ತು ದಿನದ ಶಿಬಿರವೊಂದೇ ಅದರಲ್ಲಿ ಎರಡನ್ನು ತಿಂದು ಹಾಕಬಹುದು. ಥಿಯರಿ ವಿಷಯಗಳಲ್ಲಿ ಶೇಕಡ 80 ಇದ್ದವರಿಗೆ ಲ್ಯಾಬ್‌ನಲ್ಲಿ 73 ಬಂದು ನಿಂತಾಗ ಅವರಿಗೆ ನಂಬಿಕೆಯೇ ಬರುವುದಿಲ್ಲ. ಪಿಯುವಿನಲ್ಲಿ ಲೆಕ್ಕ ಇಡೀ ವರ್ಷಕ್ಕೆ ಹರಡಿರುವುದರಿಂದ ಸ್ವಲ್ಪ ಸಡಿಲ ಅನ್ನಿಸುತ್ತದೆ, ಅಷ್ಟೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವ್ಯಾಪ್ತಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇನ್ನೂ ಎಚ್ಚರದಿಂದಿರಬೇಕು: ಅಲ್ಲಿ ನಿಯಮ ಶೇಕಡ 85, ಶೇಕಡ ಹತ್ತರಷ್ಟನ್ನು ತಕ್ಕ ಕಾರಣವಿದ್ದರೆ ಮನ್ನಿಸುವ ಅವಕಾಶ ಇದೆ. 85ರ ಪ್ರಕಾರ 60ರಲ್ಲಿ ತಪ್ಪಿಸಲು ಸಿಗುವುದು 9 ತರಗತಿ. ಕಂಡೋನೇಷನ್ ಎಂಬ ಆ ಮನ್ನಿಕೆ ಕೇಳಿ ಪಡೆಯುವಂಥದ್ದು; ಅದನ್ನು ಜೇಬಿನಲ್ಲಿರುವ ದುಡ್ಡಿನಂತೆ ಮೊದಲೇ ಲೆಕ್ಕಕ್ಕೆ ಹಿಡಿಯಬಾರದು.

ನೋಟ್‌ಬುಕ್‌ನ ಮೊದಲ ಪುಟದಲ್ಲಿ ವಿಷಯಕ್ಕೊಂದು ಸಾಲು ಹಾಕಿ, ತಪ್ಪಿಸಬಹುದಾದ ತರಗತಿಗಳ ಸಂಖ್ಯೆಯಷ್ಟು ಚೌಕಗಳನ್ನು ಬರೆಯಿರಿ. ಒಂದು ತರಗತಿ ತಪ್ಪಿದರೆ ಒಂದು ಚೌಕ ಹೊಡೆಯಿರಿ. ಐದು ನಿಮಿಷದ ಈ ಕೆಲಸವನ್ನು ಶನಿವಾರ ಮಾಡಿದರೆ ಸಾಕು. ಚೌಕಗಳಲ್ಲಿ ಮೂರನೇ ಒಂದು ಭಾಗವನ್ನು ಕಾಯಿಲೆ, ಸಾವು-ನೋವುಗಳಿಗೆಂದು ಮೊದಲೇ ಮುಚ್ಚಿಡಿ.

## ಹಂತ 3: ಈಗ ಚಟುವಟಿಕೆಯನ್ನು ಆರಿಸಿ

ಕ್ಯಾಲೆಂಡರ್ ಮತ್ತು ಚೌಕಗಳು ಎದುರಿಗಿರುವಾಗ ಮಾತ್ರ ಹೆಸರು ಕೊಡಲು ಹೋಗಿ. ದಿನಗಟ್ಟಲೆ ಕಾಲೇಜು ಬಿಡಿಸುವ ಚಟುವಟಿಕೆ ಒಂದೇ ಇರಲಿ. ಅದರ ಜೊತೆಗೆ ಸಂಜೆ ಅಥವಾ ಭಾನುವಾರಕ್ಕೆ ಸೀಮಿತವಾದ ಹಗುರವಾದದ್ದು ಇನ್ನೊಂದು ಇರಬಹುದು. ಎನ್‌ಸಿಸಿ ಮತ್ತು ಸಂಗೀತ, ಕಬಡ್ಡಿ ಮತ್ತು ಚರ್ಚಾಸ್ಪರ್ಧೆ, ಎನ್‌ಎಸ್‌ಎಸ್ ಮತ್ತು ಚೆಸ್ ಹೊಂದುತ್ತವೆ. ಎನ್‌ಸಿಸಿ, ಎನ್‌ಎಸ್‌ಎಸ್ ಮತ್ತು ಕಾಲೇಜು ತಂಡ ಮೂರರಲ್ಲೂ ಇರುತ್ತೇನೆಂದು ಬರುವವರನ್ನು ನಾನು ಬಾಗಿಲಲ್ಲೇ ತಡೆಯುತ್ತೇನೆ. ಮೂರರ ಲೆಕ್ಕ ಮೇಲೆ ಆಗಲೇ ಆಗಿದೆ.

ಆರಿಸುವ ಮುನ್ನ ಆ ಚಟುವಟಿಕೆ ಪೂರ್ತಿಯಾಗಿ ಎಷ್ಟು ಕೇಳುತ್ತದೆ ಎಂಬುದನ್ನು ತಿಳಿಯಿರಿ. ಎನ್‌ಎಸ್‌ಎಸ್ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಮತ್ತು ಒಂದು ವಿಶೇಷ ಶಿಬಿರ ಕೇಳುತ್ತದೆ. ಎನ್‌ಸಿಸಿ ಪರೇಡ್‌ಗೆ ಅದರದ್ದೇ ಶೇಕಡ 75 ಹಾಜರಿಯ ನಿಯಮ ಇದೆ. ತರಗತಿಯ ಹಾಜರಿಗೆಂದು ಪರೇಡ್ ಬಿಟ್ಟರೆ ಪ್ರಮಾಣಪತ್ರದ ಪರೀಕ್ಷೆಗೆ ಕೂರಲಾಗದು, ಪರೇಡ್‌ಗೆಂದು ತರಗತಿ ಬಿಟ್ಟರೆ ಪರೀಕ್ಷೆಯ ಹಾಲ್‌ಟಿಕೆಟ್‌ಗೇ ಕುತ್ತು. ಎಂಜಿನಿಯರಿಂಗ್‌ನವರಿಗೆ ಪದವಿ ಪಡೆಯಲು 100 ಆ್ಯಕ್ಟಿವಿಟಿ ಪಾಯಿಂಟ್ (ಸಮಾಜಸೇವೆಯಂಥ ಚಟುವಟಿಕೆಗೆ ಸಿಗುವ ಅಂಕ) ಬೇಕು, ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ 75. ಇದನ್ನು ಏಳನೇ ಸೆಮಿಸ್ಟರ್‌ವರೆಗೆ ಮುಂದೂಡಿ, ಪ್ರಾಜೆಕ್ಟ್ ಮತ್ತು ಕ್ಯಾಂಪಸ್ ಸಂದರ್ಶನಗಳ ನಡುವೆ ಕೆರೆ ಸ್ವಚ್ಛತೆಯ ಫೋಟೊ ಹುಡುಕಿಕೊಂಡು ಓಡಾಡುವವರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ಮೊದಲ ಎರಡು ವರ್ಷಗಳಲ್ಲೇ ಅರ್ಧ ಮುಗಿಸುವುದು ಲೇಸು.

ನಾಟಕದ ಬಗ್ಗೆ ಬೇರೆಯೇ ಎಚ್ಚರಿಕೆ ಬೇಕು. ನಮ್ಮ ಊರುಗಳಲ್ಲಿ ಪಾತ್ರಧಾರಿಯೇ ಪಾತ್ರಕ್ಕೆ ದುಡ್ಡು ಕಟ್ಟುವ ಪದ್ಧತಿ ಇದೆ. ಪಾತ್ರ ದೊಡ್ಡದಾದಷ್ಟೂ ಮೊತ್ತ ಹೆಚ್ಚು. ಒಮ್ಮೆ ಅಪ್ಪ ದುಡ್ಡು ಕಟ್ಟಿದ ಮೇಲೆ ಹಿಂದೆ ಸರಿಯುವುದು ಕಷ್ಟ, ಹಾರ್ಮೋನಿಯಂ ಮೇಷ್ಟ್ರೂ ಬಿಡುವುದಿಲ್ಲ. ತಾಲೀಮು ಶುರುವಾಗುವುದೇ ಊಟ ಮುಗಿಸಿ, ರಾತ್ರಿ ಹತ್ತರ ಮೇಲೆ. ದ್ವಿತೀಯ ಪಿಯುಸಿಯ ವರ್ಷ ಅಭಿಮನ್ಯುವಿನ ಪಾತ್ರ ಬಂದರೂ ಬೇಡವೆನ್ನಿ. ಪ್ರಥಮ ಪಿಯುಸಿಯಲ್ಲಿ ಅಥವಾ ಪದವಿಯ ವರ್ಷಗಳಲ್ಲಿ, ಹಾಡು ಕಡಿಮೆ ಇರುವ ಪಾತ್ರ ಹಿಡಿದು, ಪ್ರದರ್ಶನ ಯಾವಾಗ ಎಂದು ಕೇಳಿಕೊಂಡು ಒಪ್ಪಿಕೊಳ್ಳಿ.

## ಹಂತ 4: ವಾರದ ಗಂಟೆಗಳನ್ನು ಬಸ್ಸಿನ ಸಮೇತ ಲೆಕ್ಕ ಹಾಕಿ

ದಿನಚರಿ ಬರೆಯುವವರೆಲ್ಲ ಬಸ್ಸನ್ನು ಮರೆಯುತ್ತಾರೆ. ಗುಬ್ಬಿ ಕಡೆಯ ಹಳ್ಳಿಯೊಂದರಿಂದ ತುಮಕೂರಿಗೆ ಬರುವ ವಿದ್ಯಾರ್ಥಿನಿಗೆ ನಡಿಗೆ, ಕಾಯುವುದು, ಪ್ರಯಾಣ ಎಲ್ಲ ಸೇರಿ ದಿನಕ್ಕೆ ಎರಡೂವರೆ ಗಂಟೆ ಹೋಗುತ್ತದೆ ಎಂದುಕೊಳ್ಳಿ. ಆರು ದಿನಕ್ಕೆ 15 ಗಂಟೆ. ನಿದ್ದೆಗೆ 49, ಕಾಲೇಜಿಗೆ 42, ಹಾಲು ಕರೆದು ಡೇರಿಗೆ ಹಾಕುವಂಥ ಮನೆಗೆಲಸಕ್ಕೆ 10, ಸ್ನಾನ-ಊಟಕ್ಕೆ 14. ವಾರದ 168ರಲ್ಲಿ 130 ಕಳೆದು ಉಳಿಯುವುದು 38 ಗಂಟೆ. ಅದರಲ್ಲಿ 24 ಓದಿಗೆ ಎತ್ತಿಟ್ಟರೆ 14 ಮಿಗುತ್ತವೆ. ಚಟುವಟಿಕೆಗೆ 8ರಿಂದ 10 ಗಂಟೆ ಕೊಟ್ಟು ಉಳಿದದ್ದನ್ನು ಖಾಲಿ ಬಿಡಿ. ಏನೂ ತುಂಬದ ನಾಲ್ಕು ಗಂಟೆಗಳಿಲ್ಲದ ವೇಳಾಪಟ್ಟಿ ಎರಡನೇ ವಾರಕ್ಕೇ ಹರಿಯುತ್ತದೆ.

ಅಭ್ಯಾಸ ಮಾಡುವ ಜಾಗದ ಆಯ್ಕೆಯೂ ಗಂಟೆಯ ಪ್ರಶ್ನೆಯೇ. ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಸಂಜೆ ಆರೂವರೆಯವರೆಗೆ ಇದ್ದು ಊರಿನ ಕೊನೆಯ ಬಸ್ ಹಿಡಿಯಲು ಓಡುವವರು ವಾರಕ್ಕೆ ಮೂರು ದಿನ ಮಾತ್ರ ಉಳಿದು, ಮಿಕ್ಕ ದಿನ ಊರಿನ ಶಾಲಾ ಮೈದಾನದಲ್ಲೇ ಬೆಳಗ್ಗೆ ಓಡಿದರೆ ಆರೇಳು ಗಂಟೆ ಉಳಿಯುತ್ತದೆ. ಬಸ್ಸಿನಲ್ಲಿ ಓದುತ್ತೇನೆ ಎಂಬುದನ್ನು ಓದಿನ ಲೆಕ್ಕಕ್ಕೆ ಸೇರಿಸಬೇಡಿ. ಬೆಳಗಿನ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿದ ದಿನ ಸೂತ್ರಗಳ ಚೀಟಿ ನೋಡಿಕೊಳ್ಳಬಹುದು, ಅದು ಲಾಭಕ್ಕೆ ಬಂದದ್ದು.

## ಹಂತ 5: ಹೊರಡುವ ಮುನ್ನ ಕಾಗದದ ಕೆಲಸ ಮುಗಿಸಿ

ನಾನು ಪದವಿಯಲ್ಲಿದ್ದಾಗ ವಾಲಿಬಾಲ್ ಕೂಟಕ್ಕೆಂದು ಐದು ದಿನ ಹೋಗಿದ್ದೆ. ‘ಹೋಗು, ಓಡಿ ಪತ್ರ ನಾನು ಕಳಿಸುತ್ತೇನೆ’ ಎಂದು ದೈಹಿಕ ಶಿಕ್ಷಣ ವಿಭಾಗದವರು ಬಾಯಿಮಾತಿನಲ್ಲಿ ಹೇಳಿದ್ದರು. ಆ ಕಾಗದ ಕಚೇರಿಗೆ ಬರಲೇ ಇಲ್ಲ. ಸೆಮಿಸ್ಟರ್ ಕೊನೆಯಲ್ಲಿ ಎರಡು ವಿಷಯಗಳಲ್ಲಿ ಶಾರ್ಟೇಜ್ ಪಟ್ಟಿಯಲ್ಲಿ ನನ್ನ ಹೆಸರು ಬಂತು. ದಂಡ ಕಟ್ಟಿ, ಮೂರು ದಿನ ಕಚೇರಿಯ ಬೆಂಚಿನ ಮೇಲೆ ಕೂತು ಸರಿಪಡಿಸಿಕೊಂಡೆ. ಆ ಮೂರು ದಿನ ಓದಬೇಕಾಗಿದ್ದ ಪುಸ್ತಕ ಮಡಿಲಲ್ಲೇ ಇತ್ತು, ಒಂದು ಪುಟವೂ ತಲೆಗೆ ಹೋಗಲಿಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಕೂಟದ ಆಹ್ವಾನ ಪತ್ರದ ನಕಲು ಲಗತ್ತಿಸಿ ಪ್ರಾಂಶುಪಾಲರಿಗೆ ಅರ್ಜಿ ಬರೆಯಿರಿ. ಅದರಲ್ಲಿ ಹೋಗುವ ಮತ್ತು ಬರುವ ತಾರೀಖು, ತಪ್ಪುವ ತರಗತಿಗಳು ವಿಷಯವಾರು, ತಪ್ಪುವ ಲ್ಯಾಬ್ ಅಥವಾ ಟೆಸ್ಟ್ ಯಾವುದು ಎಂಬುದು ಸ್ಪಷ್ಟವಾಗಿರಲಿ. ತರಬೇತುದಾರರ ಸಹಿ, ತರಗತಿ ಶಿಕ್ಷಕರ ಸಹಿ, ಕೊನೆಗೆ ಪ್ರಾಂಶುಪಾಲರ ಸಹಿ. ಸಹಿಯಾದ ಪ್ರತಿಯ ಫೋಟೊ ತೆಗೆದುಕೊಂಡು, ಕಚೇರಿಯಲ್ಲಿ ಸ್ವೀಕೃತಿಯ ಮೊಹರು ಹಾಕಿಸಿ. ಇದು ಹೊರಡುವುದಕ್ಕೆ ಕನಿಷ್ಠ ಮೂರು ದಿನ ಮೊದಲು ಆಗಬೇಕು.

ಅರ್ಜಿ ಕೊಟ್ಟ ಮೇಲೆ ಪ್ರತಿ ಉಪನ್ಯಾಸಕರನ್ನೂ ಖುದ್ದಾಗಿ ಕಂಡು, ‘ಆ ವಾರ ಯಾವ ಪಾಠ ಮಾಡುತ್ತೀರಿ’ ಎಂದು ಕೇಳಿ ಬರೆದುಕೊಳ್ಳಿ. ಹೆಚ್ಚಿನವರು ಸಂತೋಷದಿಂದ ಹೇಳುತ್ತಾರೆ. ಆಟ ಅಂದರೆ ಮುಖ ಸಿಂಡರಿಸುವವರೂ ಇದ್ದಾರೆ. ಅವರ ಬಳಿ ಮೊದಲು ಹೋಗಿ, ಕೊನೆಗೆ ಬಿಡಬೇಡಿ. ಇದೇ ವೇಳೆ ತರಗತಿಯಲ್ಲಿ ಒಬ್ಬ ಗೆಳೆಯನಿಗೆ ಜವಾಬ್ದಾರಿ ಒಪ್ಪಿಸಿ: ದಿನಾ ಸಂಜೆ ಕಪ್ಪುಹಲಗೆಯ ಫೋಟೊ ಮತ್ತು ನೋಟ್ಸ್ ಪುಟಗಳು ಬರಬೇಕು. ಗುಂಪಿಗೆ ಹೇಳಿದರೆ ಯಾರೂ ಕಳಿಸುವುದಿಲ್ಲ, ಒಬ್ಬನಿಗೆ ಹೇಳಿದರೆ ಕಳಿಸುತ್ತಾನೆ. ಬಂದ ಮೇಲೆ ಕ್ಯಾತಸಂದ್ರದ ತಟ್ಟೆ ಇಡ್ಲಿ ಕೊಡಿಸುವುದು ನ್ಯಾಯ.

## ಹಂತ 6: ಹಿಂದಿರುಗಿದ ಮೂರು ದಿನಗಳು

ಓಡಿ ಕೊಡುವುದು ಹಾಜರಿಯನ್ನು, ಪಾಠವನ್ನಲ್ಲ. ಈ ವ್ಯತ್ಯಾಸ ಗೊತ್ತಿಲ್ಲದವರು ಪದಕ ಹಿಡಿದು ಬಂದು ವಾರಗಟ್ಟಲೆ ಅಭಿನಂದನೆ ಸ್ವೀಕರಿಸುತ್ತಾರೆ, ಅಷ್ಟರಲ್ಲಿ ಪಾಠ ಇನ್ನೆರಡು ಅಧ್ಯಾಯ ಮುಂದೆ ಹೋಗಿರುತ್ತದೆ.

ಮೊದಲ ದಿನ ನೋಟ್ಸ್ ಬರೆಯಬೇಡಿ, ಓದಿ ಮಾತ್ರ. ತಪ್ಪಿದ ಪಾಠದ ಪುಟಗಳನ್ನು ತಿರುವಿ, ಅರ್ಥವಾಗದ ಜಾಗಗಳಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಎರಡನೇ ದಿನ ಆ ಪ್ರಶ್ನೆಗಳನ್ನಷ್ಟೇ ಹಿಡಿದು ಉಪನ್ಯಾಸಕರ ಬಳಿ ಹೋಗಿ. ‘ಸರ್, ಎಲ್ಲಾ ಹೇಳಿಕೊಡಿ’ ಎಂದರೆ ಯಾರಿಗೂ ಸಾಧ್ಯವಾಗುವುದಿಲ್ಲ. ‘ಈ ಎರಡು ಹೆಜ್ಜೆಗಳ ನಡುವೆ ಏನಾಯಿತು’ ಎಂದರೆ ಕಾರಿಡಾರ್‌ನಲ್ಲೇ ನಿಂತು ಹೇಳುತ್ತಾರೆ. ಮೂರನೇ ದಿನ ಪುಸ್ತಕ ಮುಚ್ಚಿ, ಆ ಪಾಠದ ಹಳೆಯ ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಉತ್ತರ ಬರೆಯಿರಿ. ಮೂರು ದಿನ ಅಭ್ಯಾಸಕ್ಕೆ ಹೋಗದಿದ್ದರೆ ಕಾಲಿನ ನೋವಿಗೂ ಒಳ್ಳೆಯದೇ.

ಲ್ಯಾಬ್ ವಿಷಯದಲ್ಲಿ ಗೆಳೆಯನ ರೆಕಾರ್ಡ್ ನಕಲು ಮಾಡುವುದು ಪರಿಹಾರವೇ ಅಲ್ಲ. ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದಲ್ಲಿ ಆಕ್ಸಾಲಿಕ್ ಆಮ್ಲಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬಿಡುವ ಟೈಟ್ರೇಷನ್ ಇದೆ. ಆಮ್ಲದ ದ್ರಾವಣವನ್ನು ಸುಮಾರು 60-70 ಡಿಗ್ರಿಗೆ ಬಿಸಿ ಮಾಡಿಕೊಳ್ಳಬೇಕು. ತಣ್ಣಗಿದ್ದರೆ ಮೊದಲ ಹನಿಗಳ ಬಣ್ಣ ಬೇಗ ಹೋಗುವುದಿಲ್ಲ. ಆ ಲ್ಯಾಬ್ ತಪ್ಪಿಸಿಕೊಂಡು ರೆಕಾರ್ಡ್ ಮಾತ್ರ ನಕಲು ಮಾಡಿದ್ದ ಹುಡುಗನೊಬ್ಬ ಪೂರ್ವಸಿದ್ಧತಾ ಪರೀಕ್ಷೆಯ ದಿನ ಬಿಸಿ ಮಾಡದೆ ಬ್ಯೂರೆಟ್ ತಿರುಗಿಸಿದ. ಒಂದೆರಡು ಮಿಲಿಲೀಟರಿಗೇ ಫ್ಲಾಸ್ಕ್ ಗುಲಾಬಿಯಾಗಿ ನಿಂತಿತು. ಅದನ್ನೇ ಕೊನೆಯ ಬಿಂದು ಎಂದು ಬರೆದು ಲೆಕ್ಕ ಮುಗಿಸಿದ. ‘ಬಿಸಿ ಮಾಡಿ’ ಎಂಬ ಎರಡು ಪದ ಅವನ ರೆಕಾರ್ಡ್‌ನಲ್ಲಿಯೂ ಇತ್ತು, ಅವನದೇ ಅಕ್ಷರದಲ್ಲಿ. ಲ್ಯಾಬ್ ಇರುವ ವಿಷಯದಲ್ಲಿ ಪ್ರಾಯೋಗಿಕಕ್ಕೆ 30, ಥಿಯರಿಗೆ 70 ಅಂಕ. ಆ ಮೂವತ್ತು ಕೈಕೆಲಸದಿಂದಲೇ ಬರಬೇಕು. ಇನ್ನೊಂದು ಬ್ಯಾಚ್‌ನ ಲ್ಯಾಬ್ ದಿನ ಕೇಳಿಕೊಂಡು, ಅದೇ ವಾರ ಪ್ರಯೋಗವನ್ನು ನೀವೇ ಮಾಡಿ.

## ಹಂತ 7: ಪರೀಕ್ಷೆಗೆ ಎಂಟು ವಾರ ಇರುವಾಗ

ಎಂಟು ವಾರ ಉಳಿದಾಗಿನಿಂದ ಚಟುವಟಿಕೆಯನ್ನು ಅರ್ಧಕ್ಕೆ ಇಳಿಸಿ, ನಾಲ್ಕು ವಾರ ಉಳಿದಾಗಿನಿಂದ ದಿನಕ್ಕೆ ಅರ್ಧ ಗಂಟೆಯ ವ್ಯಾಯಾಮ ಅಥವಾ ರಿಯಾಜ್‌ಗೆ ತನ್ನಿ. ಪೂರ್ತಿ ನಿಲ್ಲಿಸಬೇಡಿ. ದಿನಾ ಓಡುತ್ತಿದ್ದವರು ದಿಢೀರನೆ ಕೂತುಬಿಟ್ಟರೆ ನಿದ್ದೆ ಕೆಡುತ್ತದೆ, ಉಳಿಸಿದ ಗಂಟೆ ಮೊಬೈಲಿಗೆ ಹೋಗುತ್ತದೆ.

ಈಗ ದ್ವಿತೀಯ ಪಿಯುಸಿಯಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಇರುವುದರಿಂದ ‘ಪರೀಕ್ಷೆ-2ರಲ್ಲಿ ಸರಿಮಾಡಿಕೊಳ್ಳುತ್ತೇನೆ’ ಎಂಬ ಹೊಸ ತಪ್ಪೊಂದು ಹುಟ್ಟಿಕೊಂಡಿದೆ. ಪರೀಕ್ಷೆ-1ಕ್ಕೂ ಸಿಇಟಿಗೂ ನಡುವಿನ ವಾರಗಳು ಸಿಇಟಿಯವು. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅರ್ಧ, ಪಿಯು ಅಂಕದ ಅರ್ಧ ಸೇರುವುದರಿಂದ ಪರೀಕ್ಷೆ-2, ಸಿಇಟಿ ಎರಡನ್ನೂ ಒಟ್ಟಿಗೆ ಓದಲು ಹೋದವರು ಎರಡರಲ್ಲೂ ಕಳೆದುಕೊಳ್ಳುತ್ತಾರೆ. ಮುಂದಿನ ಪರೀಕ್ಷೆಗಳು ಬಿದ್ದವರನ್ನು ಎತ್ತಲಿಕ್ಕೆ ಇರುವಂಥವು. ಯೋಜನೆಯಲ್ಲಿ ಅವನ್ನು ಬರೆಯಬೇಡಿ.

## ಹಂತ 8: ಪ್ರಮಾಣಪತ್ರಗಳು

ಕೈಗೆ ಬಂದ ದಿನವೇ ಹೆಸರಿನ ಅಕ್ಷರಗಳು, ಇನಿಷಿಯಲ್, ಜನ್ಮದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆಯೇ ಇವೆಯೇ ನೋಡಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಎರಡು ವರ್ಷದ ನಂತರ ಆಯೋಜಕರು ಸಿಗುವುದಿಲ್ಲ. ವೃತ್ತಿಪರ ಕೋರ್ಸುಗಳ ಕ್ರೀಡಾ ಮತ್ತು ಎನ್‌ಸಿಸಿ ಕೋಟಾಗಳಿಗೆ ಯಾವ ಹಂತದ ಸಾಧನೆ ಎಣಿಕೆಗೆ ಬರುತ್ತದೆ ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಕದಲ್ಲೇ ಓದಿ. ತಾಲ್ಲೂಕು ಮಟ್ಟದ ಪತ್ರಗಳ ಕಟ್ಟನ್ನು ನಂಬಿ ಅಂಕ ಬಿಟ್ಟುಕೊಡಬೇಡಿ.

## ಎಚ್ಚರಿಕೆಯ ಗುರುತುಗಳು

ಒಂದು ವಿಷಯದ ಚೌಕಗಳು ಅರ್ಧ ಅವಧಿಗೆ ಮೊದಲೇ ಅರ್ಧ ಮುಗಿದಿದ್ದರೆ, ಸತತ ಎರಡು ಟೆಸ್ಟ್‌ಗಳಲ್ಲಿ ಅದೇ ವಿಷಯದ ಅಂಕ ಇಳಿದಿದ್ದರೆ, ರೆಕಾರ್ಡ್‌ನಲ್ಲಿ ಸಹಿಯಿಲ್ಲದ ಪ್ರಯೋಗಗಳು ಮೂರು ದಾಟಿದ್ದರೆ ಆ ವಾರವೇ ಚಟುವಟಿಕೆಯ ಗಂಟೆ ಇಳಿಸಬೇಕು. ಮೊದಲ ತರಗತಿಯಲ್ಲೇ ತೂಕಡಿಕೆ ಬರುವುದು, ಮನೆಯಲ್ಲಿ ಕೂಟದ ತಾರೀಖು ಹೇಳಲು ಹಿಂಜರಿಯುವುದು, ಉಪನ್ಯಾಸಕರು ಎದುರಾದರೆ ಬೇರೆ ಮೆಟ್ಟಿಲು ಹಿಡಿಯುವುದು ಲೆಕ್ಕಕ್ಕೆ ಸಿಗದ ಗುರುತುಗಳಾದರೂ ನನ್ನ ಅನುಭವದಲ್ಲಿ ಅಂಕಕ್ಕಿಂತ ಒಂದು ತಿಂಗಳು ಮೊದಲೇ ಕಾಣಿಸಿಕೊಳ್ಳುತ್ತವೆ.

ಇಳಿಸಿದರೂ ಸಾಲದೆ ತಂಡವನ್ನು ಬಿಡಲೇಬೇಕಾದರೆ ಅದಕ್ಕೂ ಕ್ರಮವಿದೆ. ಸುಮ್ಮನೆ ಅಭ್ಯಾಸಕ್ಕೆ ಹೋಗದೆ ತಪ್ಪಿಸಿಕೊಳ್ಳಬೇಡಿ. ಕೂಟಕ್ಕೆ ಎರಡು ವಾರ ಮೊದಲೇ ತರಬೇತುದಾರರ ಎದುರು ಹೋಗಿ, ಹಾಜರಿಯ ಪುಟವನ್ನು ತೋರಿಸಿ, ಮುಂದಿನ ಸೆಮಿಸ್ಟರ್‌ಗೆ ಯಾವ ತಿಂಗಳಿಂದ ಬರಬಲ್ಲಿರಿ ಎಂಬುದನ್ನೂ ಹೇಳಿ. ಜೆರ್ಸಿ ಮತ್ತು ಸಾಮಾನು ತಂಡದ್ದಾಗಿದ್ದರೆ ಒಗೆದು ಮರಳಿಸಿ, ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಳ್ಳಿ; ವರ್ಷದ ಕೊನೆಯಲ್ಲಿ ‘ನೋ ಡ್ಯೂ’ ಪತ್ರಕ್ಕೆ ಆ ಸಹಿಯನ್ನೇ ಕೇಳುತ್ತಾರೆ.